ತಿಗನಾರೆಯಲ್ಲಿ ಉಳಿದ ನನ್ನ ರೇನ್‌ಕೋಟು

ಗೆಳೆಯರೇ, ಒಬ್ಬನೇ ಬೈಕಿನಲ್ಲಿ ಊರೂರು ಸುತ್ತುವ ಈ ಶೂರನಿಗೆ ಇಂದು ತಿಗನಾರೆಯಲ್ಲಿ ಸರಿಯಾದ ಮರ್ಯಾದೆ ಆಯಿತು.

ದಿಂಬಂ ಘಾಟಿಯಲ್ಲಿ ಜಡಿಮಳೆ, ಇಲ್ಲಿ ಉರಿಬಿಸಿಲು. ನೆನೆದ ರೇನ್‌ಕೋಟನ್ನು ಹೊಲದ ಬೇಲಿಗೂಟಕ್ಕೆ ತೊಡಿಸಿ, ಮೇಲೆ ಹೆಲ್ಮೆಟ್ ಇಟ್ಟು, ಮರದಡಿ ಕುಳಿತೆ. ಮತ್ತೆ ಮೋಡ ಕವಿಯಿತೆಂದು ತೆಗೆಯಲು ಹೋದರೆ ಹೊಲದ ಯಜಮಾನರು ಓಡಿ ಬಂದರು.

"ಮುಟ್ಬ್ಯಾಡಿ ಸಾ! ಇದ ನಿಲ್ಸುದ್ ಮ್ಯಾಲ ಒಂದು ನವಿಲೂ ಒಲಕ್ಕ ಬರ್ನಿಲ್ಲ."

"ಮಳೆ ಬರ್ತಿದೆಯಲ್ಲಣ್ಣ" ಎಂದು ಎರಡನ್ನೂ ತೊಟ್ಟು ನಿಂತೆ. ಬೇಲಿಯಾಚೆ ಕಾದಿದ್ದ ನವಿಲುಗಳು ನನ್ನ ಪಕ್ಕದಲ್ಲೇ ಹಾದು ಹೊಲಕ್ಕಿಳಿದವು.

"ನೋಡುದ್ರಾ? ನಿಮ್ಗ ಅವು ಎದ್ರಾಕಿಲ್ಲ. ಬಿಚ್ಚಿ ಗೂಟಕ್ಕೇ ಆಕ್ಬುಡಿ."

ರೇನ್‌ಕೋಟು ಕೊಟ್ಟು, ಹೆಲ್ಮೆಟ್ ಮಾತ್ರ ಉಳಿಸಿಕೊಂಡೆ. ಅವರು ಅದನ್ನು ಗೂಟಕ್ಕೆ ತೊಡಿಸಿ, ನನ್ನ ತಲೆಯ ಜಾಗಕ್ಕೆ ಒಂದು ಖಾಲಿ ಮಡಕೆ ಕವುಚಿದರು. ನವಿಲುಗಳು ಎದ್ದೆನೋ ಬಿದ್ದೆನೋ ಎಂದು ಓಡಿದ್ದು ಆಗಲೇ.