ಹಾರ್ಡ್‌ವೇರ್ ಅಂಗಡಿಯವರ ಹೆಸರಿದ್ದ ಡಬ್ಬ

ಆ ದಿನ ಮಾಡಿದ್ದು ಇಷ್ಟು: ಬಾಣಂತಿಗೆ ಮೆಣಸಿನ ಸಾರು ಇಟ್ಟೆ, ಎರಡು ಲೋಡ್ ಬಟ್ಟೆ ಒಗೆದು ಮಡಚಿದೆ, ಡಿಶ್‌ವಾಷರ್ ಖಾಲಿ ಮಾಡಿದೆ, ಅಂಗಡಿಗೆ ಹೋಗಿ ಎರಡು ಎಲೆಕೋಸು ತಂದೆ, ದೊಡ್ಡ ಸ್ಟೀಲ್ ಡಬ್ಬದಲ್ಲಿದ್ದ ರವೆಯನ್ನು ಬೇರೆಡೆ ಸುರಿದು ಡಬ್ಬ ತೊಳೆದು ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಬಿಸಿಲಿಗಿಟ್ಟೆ. ಕೋಸು ಎರಡೇಕೆಂದರೆ, ಒಂದು ಪಲ್ಯಕ್ಕೆ, ಇನ್ನೊಂದು ನನ್ನ ಅಕ್ಕನ ಮಗಳ ಎದೆಗೆ. ಹಾಲು ಬತ್ತಲು ಫ್ರಿಜ್ಜಿನಲ್ಲಿಟ್ಟ ಕೋಸಿನೆಲೆ ಇಟ್ಟುಕೊಳ್ಳಬೇಕೆಂದು ನರ್ಸ್ ಹೇಳಿದ್ದಳು. ಬಾಣಂತನದಲ್ಲಿ ಕೋಸು ವಾಯು ಎಂದು ನಮ್ಮಮ್ಮ ಒಳಗೇ ಬಿಡುತ್ತಿರಲಿಲ್ಲ. ಇಲ್ಲಿ ಅದಕ್ಕೆ ಬ್ಲೌಸಿನೊಳಗೇ ಜಾಗ.

ಹಾಲು ಕುಡಿಯುವ ಮಗು ಮನೆಯಲ್ಲಿರಲಿಲ್ಲ. ಶಾರ್ಲೆಟ್ಟಿನಲ್ಲಿ ಓದುತ್ತಿದ್ದ ನಮ್ಮ ಈ ಹುಡುಗಿ ತಾನೇ ಆರಿಸಿದ ಅಟ್ಲಾಂಟಾದ ದಂಪತಿಗೆ ಮಗಳನ್ನು ದತ್ತು ಕೊಟ್ಟಿದ್ದಳು. ಕಾಗದಪತ್ರ ಮುಗಿಯುವವರೆಗೆ ಅವರು ಇಲ್ಲೇ ಹೋಟೆಲಿನಲ್ಲಿದ್ದರು, ಮರುದಿನ ಹೊರಡುವವರು. ಅದಕ್ಕೆ ಮೊದಲು ದತ್ತು ಏಜೆನ್ಸಿಯ ಹೆಂಗಸು ಫೋರ್ಟ್ ಮಿಲ್ಲಿನ ನಮ್ಮ ಮನೆಗೆ ಬಂದು ಮಗುವಿಗೆಂದು ಕೊಡುವ ನೆನಪಿನ ಪೆಟ್ಟಿಗೆಯನ್ನು ಒಯ್ಯಬೇಕಿತ್ತು.

ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗೆ ಹುಡುಗಿ ಬಳಿದ ಬಣ್ಣ ಒಣಗದೆ ಕೈಗೆ ಮೆತ್ತುತ್ತಿತ್ತು. ಹಾಗಾಗಿ ನನ್ನ ರವೆ ಡಬ್ಬ. ಅದರೊಳಗೆ ಮಗುವನ್ನು ಮೊದಲು ಸುತ್ತಿದ ದುಪಟ್ಟಾ, ಕುಲಾವಿ, ನಾನಿಟ್ಟ ಬೆಳ್ಳಿ ಉಡಿದಾರ, ಅವಳ ಅಂಗೈಯಲ್ಲಿ ಮಗುವಿನ ಪಾದವಿರುವ ಒಂದು ಫೋಟೋ. ಮುಖವಿಲ್ಲ, ಹೆಸರೂ ಇಲ್ಲ. ಮೈಸೂರಿನ ನನ್ನ ಅಕ್ಕನಿಗೆ ಇದಾವುದೂ ಗೊತ್ತಿರಲಿಲ್ಲ. ತನ್ನ ಹೆಸರು ಹಾಕಿದರೆ ಮಗು ಬೆಳೆದು ಅದನ್ನೇ ಹಿಡಿದು ಹುಡುಕಿಕೊಂಡು ಬರುತ್ತದೆಂಬ ಹೆದರಿಕೆ ಇವಳಿಗೆ. ಹಾಕದಿದ್ದರೆ ಬರುವುದೇ ಇಲ್ಲವೆಂಬ ಹೆದರಿಕೆಯೂ ಇತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬೆಳಗಿನಿಂದ "ಹೆಸರು ಬೇಡ ಅಲ್ವಾ ಚಿಕ್ಕಮ್ಮ?" ಎಂದು ನನ್ನನ್ನೇ ಕೇಳುತ್ತಿದ್ದಳು.

ಬ್ಯಾಲಂಟೈನಿನ ಆಫೀಸಿನಿಂದ ಬಂದ ನಮ್ಮ ಯಜಮಾನರು ಡಬ್ಬ ಎತ್ತಿ ತಿರುಗಿಸಿ ನೋಡಿದರು.

"ಇದರ ಮೇಲೆ ಹೆಸರಿದೆಯಲ್ಲೇ!"

ಇತ್ತು. ನಮ್ಮ ಮದುವೆಗೆ ತಿಪಟೂರಿನ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಕೊಟ್ಟ ಉಡುಗೊರೆ. ಚುಕ್ಕಿ ಚುಕ್ಕಿಯಾಗಿ ಇನಿಷಿಯಲ್ ಸಮೇತ ಅವರ ಹೆಸರು, ಊರು. ಇಷ್ಟು ವರ್ಷ ತಿಕ್ಕಿ ತಿಕ್ಕಿ ನನಗದು ಕಾಣುವುದೇ ನಿಂತುಹೋಗಿತ್ತು.

"ಇಲ್ಲಿ ಯಾರಿಗ್ರೀ ಕನ್ನಡ ಬರತ್ತೆ?" ಎಂದೆ.

ಅವರು ಡಬ್ಬದ ಮುಂದೆ ಫೋನಿನ ಕ್ಯಾಮೆರಾ ಹಿಡಿದರು. ಫೋನು ಹಾರ್ಡ್‌ವೇರ್‌ನವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಿತು.

"ಮುಗೀತು. ಮಗು ದೊಡ್ಡದಾಗಿ ತಿಪಟೂರಿಗೆ ಹೋಗಿ ಅಂಗಡಿ ಮುಂದೆ ನಿಂತು 'ಡ್ಯಾಡ್' ಅನ್ನತ್ತೆ."

"ಅವರಿಗೆ ಎಂಬತ್ತು ದಾಟಿದೆ ಕಣ್ರೀ!"

"ಅದಕ್ಕೇ ಹೇಳಿದ್ದು. ಆ ವಯಸ್ಸಲ್ಲಿ ಹೆಂಡ್ತಿ ಕೈಲಿ ಪೊರಕೆ ಏಟು ತಡ್ಕೊಳ್ತಾರಾ?"

ಹುಡುಗಿ ನಕ್ಕಳು. ಸಿಸೇರಿಯನ್ ಹೊಲಿಗೆ ಎಳೆದು "ಅಯ್ಯೋ, ನಗಿಸ್ಬೇಡಿ ಚಿಕ್ಕಪ್ಪ" ಎಂದು ಹೊಟ್ಟೆ ಹಿಡಿದುಕೊಂಡಳು. ಬೇರೆ ಡಬ್ಬ ಹುಡುಕಿದೆವು. ನಮ್ಮ ಮನೆಯ ಪಾತ್ರೆ ಎಂದರೆ ಮದುವೆಗೆ ಬಂದವರ ಹಾಜರಿ. ಒಂದರ ಮೇಲೆ ಸೋದರಮಾವ, ಇನ್ನೊಂದರ ಮೇಲೆ ಮಹಿಳಾ ಸಮಾಜ. ರಟ್ಟಿನ ಪೆಟ್ಟಿಗೆ ಇನ್ನೂ ಮೆತ್ತುತ್ತಿತ್ತು.

ಅವಳು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಆ ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ರವೆ ಡಬ್ಬ ಕೊಟ್ಟವ್ರ ಹೆಸರಿದೆ. ಹೆತ್ತವಳದ್ದೇ ಇಲ್ಲ" ಎಂದಳು.

ನಾನು ಮುಚ್ಚಳ ಒರೆಸಿ ಅವಳ ಪಕ್ಕಕ್ಕಿಟ್ಟೆ.

"ಹೆಸರು ಹಾಕಿ, ಅಮ್ಮಂಗೆ ಗೊತ್ತಾದ್ರೆ?" ಎಂದು ಅವಳೇ ಕೇಳಿದಳು.

"ನಿಮ್ಮಮ್ಮ ಅಟ್ಲಾಂಟಾಗೆ ಹೋಗಿ ಅವ್ರ ಮನೆ ಪಾತ್ರೆ ತಿರುಗಿಸಿ ನೋಡ್ತಾಳಾ?" ಎಂದೆ. ಅಕ್ಕ ಯಾರ ಮನೆಗೆ ಹೋದರೂ ಪಾತ್ರೆ ತಿರುಗಿಸಿ ನೋಡುವವಳೇ ಎಂಬುದು ಹೇಳಿದ ಮೇಲೆ ನೆನಪಾಯಿತು. ಇವಳಿಗೂ ನೆನಪಾಗಿರಬೇಕು. "ನೋಡಿದ್ರೆ ನೋಡ್ಲಿ ಬಿಡಿ. ಮೊಳೆ ಕೊಡಿ" ಎಂದಳು.

ಯಜಮಾನರು ಗರಾಜಿನಿಂದ ಮೊಳೆ, ಸುತ್ತಿಗೆ ತಂದರು. ನಾನು ಡಬ್ಬದೊಳಗೆ ಲಟ್ಟಣಿಗೆ ತೂರಿಸಿ ಅದುಮಿ ಹಿಡಿದೆ. ಅಂಗಡಿಯವರ ಹೆಸರಿನ ಕೆಳಗೆ ಅವಳು ತನ್ನ ಹೆಸರಿನ ಒಂದೊಂದೇ ಚುಕ್ಕಿ ಹೊಡೆದಳು. ಅಕ್ಷರ ಬರಬರುತ್ತಾ ಇಳಿಜಾರಿಗೆ ಬಿತ್ತು, ಕೊನೆಯ ಒತ್ತಕ್ಷರ ಡಬ್ಬದ ಅಂಚಿಗೆ ಜೋತುಬಿದ್ದಿತು. ಮೇಲಿನ ಹೆಸರನ್ನು ಉಜ್ಜಿ ತೆಗೆಯಲೇ ಎಂದು ಯಜಮಾನರು ಕೇಳಿದರು.

"ಇರ್ಲಿ ಪಾಪ. ಮಗು ತಾತ ಅನ್ಕೊಳ್ಲಿ" ಎಂದಳು.

ಮುಚ್ಚಳ ಹಾಕಿ, ಬೆಳಗ್ಗೆ ಬರುವ ಏಜೆನ್ಸಿಯವಳ ಕೈಗೆ ಸಿಗುವಂತೆ ಬಾಗಿಲ ಬಳಿ ಇಟ್ಟಳು. ರಾತ್ರಿ ಊಟಕ್ಕೆ ಅನ್ನ, ಮೆಣಸಿನ ಸಾರು, ನಮ್ಮಿಬ್ಬರಿಗೆ ಕೋಸಿನ ಪಲ್ಯ. ಯಾವ ಕೋಸಿನದು ಎಂದು ಯಜಮಾನರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಬಡಿಸಿಕೊಂಡರು. ದಿನವೂ ಮೊದಲು ಮಲಗುವವರು ಅವರು. ಅವತ್ತು ಅವರಿಗಿಂತ ಮೊದಲೇ ಹುಡುಗಿ ಮಲಗಿದಳು, ಮಜ್ಜಿಗೆ ಅನ್ನ ಅರ್ಧ ತಟ್ಟೆಯಲ್ಲೇ ಬಿಟ್ಟು, ಸೋಫಾದ ಮೇಲೆ.