ಹೊಳೆಸ್ನಾನದ ದೋಸೆ

ಮದುವೆಗೆ ಮುಂಚೆ ನನ್ನ ಮೇಲೆ ಇದ್ದದ್ದು ಒಂದೇ ಅಪವಾದ: ಹುಡುಗಿ ಹೋಟೆಲಿನಲ್ಲಿ ಕೂತು ದೋಸೆ ತಿಂದಿದ್ದಾಳೆ ಎಂಬುದು. ಅಪವಾದಗಳ ಪೈಕಿ ಇದು ಅಪರೂಪದ್ದು, ಏಕೆಂದರೆ ಪೂರ್ತಿ ನಿಜವಾಗಿತ್ತು. ನಿಜ ಹೇಳಬೇಕೆಂದರೆ ಕಡಿಮೆಯೇ ಆಗಿತ್ತು. ನಾನು ದೋಸೆಗೆ ನಿಂತವಳಲ್ಲ; ಉದ್ದಿನವಡೆ ತಿಂದಿದ್ದೆ, ಕೇಸರಿಬಾತಿಗೂ ಕೈ ಹಾಕಿದ್ದೆ. ಗಂಡಿನ ಕಡೆಯವರಿಗೆ ಅಷ್ಟೆಲ್ಲ ವಿವರ ತಲುಪಿರಲಿಲ್ಲವಾದ್ದರಿಂದ ಮದುವೆ ಸುಸೂತ್ರವಾಗಿ ನಡೆದುಹೋಯಿತು.

ನನ್ನ ತವರು ಜಗಳೂರು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಭಾನುವಾರ, ತಿಂಡಿಗೆ ತಡವಾಯಿತು, ಊಟಕ್ಕೆ ಇನ್ನೂ ಹೊತ್ತಿದೆ ಎನ್ನುವಂಥ ಅಡ್ನಾಡಿ ವೇಳೆಯಲ್ಲಿ ಅವರು ಹೆಂಡತಿ ಮಕ್ಕಳನ್ನೆಲ್ಲ ಬಸ್‌ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೊರಡಿಸುತ್ತಿದ್ದರು. ಅಮ್ಮ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆಯುತ್ತಿದ್ದಳು. ಸಂಜೆ ಮುಂದೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಾ. ಜಗಳೂರಿನಲ್ಲಿ ಮಳೆಗೆ ಬರ ಬಂದದ್ದುಂಟು, ಮಂಡಕ್ಕಿಗೆ ಬಂದದ್ದನ್ನು ನಾನು ನೋಡಿಲ್ಲ. ಹೀಗೆ ಹೊರಗೆ ಹೋಗಿ ತಿನ್ನುವುದು ಬಟ್ಟೆ ಒಗೆಯುವಷ್ಟೇ ಸಹಜವೆಂದು ನಂಬಿಕೊಂಡು ಬೆಳೆದವಳು ನಾನು.

ಎಪ್ಪತ್ತರ ದಶಕದ ನಡುವೆ ಚನ್ನಗಿರಿಗೆ ಸೊಸೆಯಾಗಿ ಬಂದಾಗ ಆ ನಂಬಿಕೆ ಹೊಸ್ತಿಲಲ್ಲೇ ಉದುರಿತು. ನನ್ನ ಅತ್ತೆಮನೆಯವರು ಅಡಿಕೆ ವ್ಯಾಪಾರದವರು, ಮರ್ಯಾದಸ್ಥರು. ಮರ್ಯಾದಸ್ಥರ ಮನೆಯ ಹೆಂಗಸರು ಹೋಟೆಲಿಗೆ ಹೋಗುತ್ತಿರಲಿಲ್ಲ. ಹೋಟೆಲೇ ಅವರ ಮನೆಗೆ ಬರುತ್ತಿತ್ತು. ಮನೆಯ ಗಂಡಸೊಬ್ಬ ಹೋಗಿ ದೋಸೆಯನ್ನು ಬಾಳೆಲೆಯಲ್ಲಿ ಸುತ್ತಿಸಿ, ಮೇಲೆ ಪೇಪರ್ ಹಾಕಿಸಿ, ದಾರ ಬಿಗಿಸಿ, ದಾರಿಯಲ್ಲಿ ಸಿಕ್ಕ ಸಿಕ್ಕವರ ಹತ್ತಿರ ಅಡಿಕೆ ಧಾರಣೆ ಮಾತಾಡಿಕೊಂಡು ಮನೆ ಮುಟ್ಟುವಷ್ಟರಲ್ಲಿ ಅದು ಹಿಂಡಿಟ್ಟ ಟವೆಲಿನ ಹಾಗೆ ಮುದ್ದೆಯಾಗಿರುತ್ತಿತ್ತು. ಪೇಪರಿನ ಸುದ್ದಿ ಎಲೆಯ ಸಂದಿಯಲ್ಲಿ ಇಳಿದು ಚಟ್ನಿಯ ಮೇಲೆ ಅಚ್ಚಾಗಿರುತ್ತಿತ್ತು. ಅದನ್ನೇ ಎಲ್ಲರೂ ಚಪ್ಪರಿಸಿ ತಿನ್ನುತ್ತಿದ್ದರು.

ಇದರ ಹಿಂದಿನ ಧರ್ಮಸೂಕ್ಷ್ಮವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಹಿಟ್ಟು ಅದೇ, ಕಾವಲಿ ಅದೇ, ಭಟ್ಟರ ಬೆವರೂ ಅದೇ. ದೋಸೆ ಹೊಸ್ತಿಲು ದಾಟಿ ಹೆಂಗಸಿನ ಹತ್ತಿರ ಬಂದರೆ ದೋಷವಿಲ್ಲ, ಹೆಂಗಸು ಹೊಸ್ತಿಲು ದಾಟಿ ದೋಸೆಯ ಹತ್ತಿರ ಹೋದರೆ ಮನೆತನವೇ ಮುಳುಗುತ್ತದೆ. ಹಳೆಯ ಕಾವ್ಯಗಳನ್ನೇ ನೋಡಿ. ನಾಯಕಿಯರು ಗಂಡನ ಹಿಂದೆ ಕಾಡಿಗೆ ಹೋಗುತ್ತಾರೆ, ವಿರಹದಲ್ಲಿ ಬಾಡುತ್ತಾರೆ, ಚಂದ್ರನನ್ನು ಬೈಯುತ್ತಾರೆ. ನನಗೆ ತಿಳಿದ ಮಟ್ಟಿಗೆ ಒಬ್ಬಳಾದರೂ, ಬೇಜಾರಾಗಿದೆ, ಹೊರಗೆ ಹೋಗಿ ಏನಾದರೂ ತಿಂದು ಬರೋಣ ಎಂದು ಸಖಿಯನ್ನು ಕರೆದದ್ದಿಲ್ಲ. ಕರೆದಿದ್ದರೆ ಅರ್ಧ ವಿರಹ ಅಲ್ಲೇ ಇಳಿಯುತ್ತಿತ್ತು, ಕವಿಗಳಿಗೂ ಕೆಲಸ ಕಡಿಮೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ಗೌರಮ್ಮನವರು ಮೊರದಲ್ಲಿ ಅಕ್ಕಿ ಆರಿಸುತ್ತಾ, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು.

"ಹೋಟ್ಲಾಗೆ ಕುಂತು ತಿಂದಿದ್ದೀಯಂತೆ, ಹೌದೇನೆ?"

ಬಂತು ಗ್ರಹಚಾರ ಎಂದುಕೊಂಡು ತಲೆ ತಗ್ಗಿಸಿ ಹೂಂ ಎಂದೆ.

"ಬಿಸಿ ಇರ್ತೈತಾ?"

ನಾನು ತಲೆಯೆತ್ತಿ ನೋಡಿದೆ. ಅವರ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಕಾಶಿಗೆ ಹೋಗಿ ಬಂದವರನ್ನು ಗಂಗೆ ಹೇಗಿದ್ದಾಳೆ ಎಂದು ಕೇಳುವ ಮುಖ ಅದು. ಅಂಚು ಗರಿಗರಿ ಇರುತ್ತದಂತೆ, ಮುರಿದರೆ ಸದ್ದು ಬರುತ್ತದಂತೆ, ಬೆಣ್ಣೆ ಕಣ್ಣೆದುರಿಗೇ ಕರಗುತ್ತದಂತೆ, ಇದೆಲ್ಲ ನಿಜವೇ ಎಂದು ಒಂದೊಂದಾಗಿ ಕೇಳಿದರು. ಅವರು ಮದುವೆಯಾಗಿ ಬಂದಾಗಿನಿಂದ ಹೋಟೆಲಿನ ದೋಸೆ ತಿಂದಿದ್ದರು, ಆದರೆ ಬರೀ ಪಾರ್ಸಲ್. ಮನೆಯಲ್ಲಿ ದೋಸೆ ಮಾಡಿದ ದಿನವೂ ಬಿಸಿ ದೋಸೆ ಮನೆಮಂದಿಗೆ, ಒಲೆ ಆರುವಾಗಿನ ಕೊನೆಯದು ಮಾಡಿದವಳಿಗೆ. ಬೇರೆ ಯಾರೋ ಕಾವಲಿಯಿಂದ ತೆಗೆದು ತಂದು ಮುಂದಿಟ್ಟ ಬಿಸಿ ದೋಸೆಯನ್ನು ಅವರು ಜೀವಮಾನದಲ್ಲಿ ತಿಂದೇ ಇರಲಿಲ್ಲ.

"ಸಾಯದ್ರೊಳಗೆ ಒಂದ್ಸಲ ತಿನ್ಬೇಕು ಕಣೆ," ಎಂದರು.

ನನಗೆ ನಗು ಬರಬೇಕಿತ್ತು. ಬದಲಿಗೆ, ತಿನ್ನಿಸಿಯೇ ತೀರುತ್ತೇನೆ ಎಂದುಬಿಟ್ಟೆ.

ಆದರೆ ಮಾವ ಇದ್ದರಲ್ಲ. ಮಾವ ಅಂದರೆ ನೇಮಸ್ಥರು. ಪೂಜೆ ಮುಗಿಯದೆ ನೀರೂ ಮುಟ್ಟರು, ಹೊರಗಿನದನ್ನಂತೂ ಮೂಸಿಯೂ ನೋಡರು. ಪಾರ್ಸಲ್ ಬಂದ ದಿನ ಅವರು ಪಡಸಾಲೆಯಲ್ಲಿ ಕೂತು, "ಹೋಟ್ಲು ಅಂದ್ರೆ ಹೊಲಸು. ಅದರ ಗಾಳಿ ಸೋಕಿದ್ರೂ ಜಳಕ ಮಾಡ್ಬೇಕು," ಎಂದು ಉಪನ್ಯಾಸ ಕೊಡುತ್ತಿದ್ದರು. ನಾವು ಒಳಗೆ ಸದ್ದಿಲ್ಲದೆ ಅಗಿಯುತ್ತಿದ್ದೆವು. ಪ್ರತಿ ಗುರುವಾರ ಅವರು ಶಿವಮೊಗ್ಗದ ಮಂಡಿಗೆ ಹೋಗಬೇಕು. ಹೊರಗೆ ಏನೂ ತಿನ್ನದ ಮನುಷ್ಯ ಹಸಿದುಕೊಂಡಿರಬಾರದೆಂದು ಅತ್ತೆ ಕೋಳಿ ಕೂಗುವ ಮುಂಚೆ ಎದ್ದು, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ರೊಟ್ಟಿ ತಟ್ಟಿ, ಶೇಂಗಾ ಚಟ್ನಿ ಇಟ್ಟು, ಬಿಳೀ ಪಂಚೆಯ ತುಂಡಿನಲ್ಲಿ ಬುತ್ತಿ ಕಟ್ಟುತ್ತಿದ್ದರು. ಆ ಗಂಟು ಅವರಿಗೆ ಮಾತ್ರ ಬರುತ್ತಿತ್ತು, ಮೊಲದ ಕಿವಿಯ ಹಾಗೆ ಎರಡು ತುದಿ ನೆಟ್ಟಗೆ ನಿಲ್ಲುತ್ತಿದ್ದವು.

ಹಾಗಾದರೆ ದೋಸೆ ತಿನ್ನುವುದೆಲ್ಲಿ? ಇಲ್ಲಿ ನಮ್ಮ ಸೀಮೆಯ ಭೂಗೋಳವನ್ನು ತಿಳಿಯಬೇಕು. ಚನ್ನಗಿರಿಯ ಮರ್ಯಾದಸ್ಥರು ಹೊನ್ನಾಳಿಗೆ ಹೋಗಿ ತಿನ್ನುತ್ತಿದ್ದರು. ಹೊನ್ನಾಳಿಯ ಮರ್ಯಾದಸ್ಥರು ನ್ಯಾಮತಿಗೆ ಹೋಗುತ್ತಿದ್ದರು. ನ್ಯಾಮತಿಯವರು ಬಸ್ಸು ಬದಲಾಯಿಸಿ ಚನ್ನಗಿರಿಗೆ ಬಂದು ತಿಂದುಕೊಂಡು ಹೋಗುತ್ತಿದ್ದರು. ಹೀಗೆ ಮೂರೂ ಊರಿನ ಮಾನವನ್ನು ಬಸ್ಸಿನವರು ಕಾಪಾಡಿಕೊಂಡು ಬಂದಿದ್ದರು. ಜಗಳೂರು ದೂರವಾದ್ದರಿಂದ ಈ ವ್ಯವಸ್ಥೆಗೆ ಸೇರಲಿಲ್ಲ. ನಾವು ನಮ್ಮೂರಿನಲ್ಲೇ ನಾಚಿಕೆ ಬಿಟ್ಟು ತಿಂದು ಕೆಟ್ಟ ಹೆಸರು ತಗೊಂಡೆವು.

ಹೊನ್ನಾಳಿಗೆ ಹೋಗಲು ನೆವ ಬೇಕು. ಅಲ್ಲಿ ತುಂಗಭದ್ರೆ ಇದ್ದಾಳೆ. ಹೊಳೆಸ್ನಾನದ ಹರಕೆ ಇದೆ ಎಂದು ಅತ್ತೆ, ಮಾವನ ಕಿವಿಗೆ ಬೀಳದಂತೆ, ಮಿಕ್ಕವರಿಗೆ ಘೋಷಿಸಿದರು. ಯಾವ ಹರಕೆ ಎಂದು ಯಾರೂ ಕೇಳಲಿಲ್ಲ, ಹರಕೆಯ ಅನುಕೂಲವೇ ಅದು. ಮಾವ ಮನೆಯಲ್ಲಿಲ್ಲದ ಗುರುವಾರವನ್ನೇ ಗೊತ್ತುಮಾಡಿದೆವು. ಅವತ್ತೂ ಅತ್ತೆ ಎದ್ದು ರೊಟ್ಟಿ ತಟ್ಟಿ, ಮಾವನನ್ನು ಮೊದಲ ಬಸ್ಸಿಗೆ ಕಳಿಸಿ, ಆಮೇಲೆ ತಾವು ಹೊರಟರು.

ಹೊನ್ನಾಳಿಯ ಆ ಹೋಟೆಲು ಈಗ ಇಲ್ಲ. ಒಳಗೆ ಕಾಲಿಡುತ್ತಲೇ ಚನ್ನಗಿರಿಯ ಎರಡು ಪರಿಚಯದ ಮುಖ ಕಂಡವು. ಅವು ತಕ್ಷಣ ತಿರುಗಿ ಫ್ಯಾನ್ ನೋಡತೊಡಗಿದವು. ನಾವು ಗೋಡೆಯ ಕ್ಯಾಲೆಂಡರ್ ನೋಡಿದೆವು. ಪರವೂರಿನ ಹೋಟೆಲಿನಲ್ಲಿ ಯಾರೂ ಯಾರನ್ನೂ ಕಂಡಿಲ್ಲ ಎಂಬುದು ಒಪ್ಪಂದ. ಮೂಲೆಯಲ್ಲಿ ಫ್ಯಾಮಿಲಿ ರೂಮು ಎಂಬ ಹಲಗೆಯ ಗೂಡುಗಳಿದ್ದವು. ಮುಂದೆ ಹಸಿರು ಪರದೆ. ತಲೆಮಾರುಗಳ ಫ್ಯಾಮಿಲಿಗಳು ಕೈ ಒರೆಸಿ ಒರೆಸಿ ಅದು ಗಾಳಿಗೆ ಅಲ್ಲಾಡುವುದನ್ನೇ ಬಿಟ್ಟಿತ್ತು. ನಡುವಿನ ಹಲಗೆ ಸೂರಿನ ತನಕ ಇರಲಿಲ್ಲವಾದ್ದರಿಂದ ಮಾನ ಮಾತ್ರ ಮುಚ್ಚುತ್ತಿತ್ತು, ಮಾತು ಮುಚ್ಚುತ್ತಿರಲಿಲ್ಲ.

ಸಪ್ಲೈಯರ್ ಪರದೆ ಸರಿಸಿ, "ಏನ್ ಕೊಡ್ಲಿ ಅಮ್ಮಾ?" ಎಂದ. ಅತ್ತೆ ಹಿಂತಿರುಗಿ ನೋಡಿದರು, ಬೇರೆ ಯಾರನ್ನೋ ಕೇಳುತ್ತಿದ್ದಾನೆ ಎಂಬಂತೆ. ಏನು ಬೇಕೆಂದು ಎಲ್ಲರನ್ನೂ ಕೇಳಿ ಕೇಳಿ ಬದುಕಿದವರು. ತಮ್ಮನ್ನು ಕೇಳಿದರೆ ಏನು ಹೇಳಬೇಕೆಂದು ಅವರಿಗೆ ತೋಚಲಿಲ್ಲ. ನಾನೇ ಎರಡು ಬೆಣ್ಣೆ ದೋಸೆ ಹೇಳಿದೆ.

ದೋಸೆ ಬಂತು. ಅಂಚು ಗರಿಗರಿ, ಮೇಲೆ ಬೆಣ್ಣೆ ಜಾರುತ್ತಿತ್ತು. ಅತ್ತೆ ಕೈ ಮುಂದೆ ಮಾಡಿದ್ದರು, ಅಷ್ಟರಲ್ಲಿ ಹಲಗೆಯ ಆ ಕಡೆಯಿಂದ ಒಂದು ದನಿ.

"ಬೆಣ್ಣೆ ಕೈ ಬಿಟ್ಟು ಹಾಕಪ್ಪಾ. ಹೋದ ವಾರ ಬಾಳ ಬಡತನ ಮಾಡಿದ್ದಿ."

ಮಾವನ ದನಿ. ಉಪನ್ಯಾಸ ಕೊಡುವ ಅದೇ ದನಿ.

ನಾನು ಮೆಲ್ಲಗೆ ಬಗ್ಗಿದೆ. ಹಲಗೆಯ ಸಂದಿಯಲ್ಲಿ ನೋಡಿದೆ. ಫ್ಯಾಮಿಲಿ ಇಲ್ಲದ ಮಾವ ಫ್ಯಾಮಿಲಿ ರೂಮಿನಲ್ಲಿ ಒಬ್ಬರೇ ಕೂತಿದ್ದರು. ಮುಂದೆ ಖಾಲಿಯಾದ ಒಂದು ತಟ್ಟೆ. ಪಕ್ಕದಲ್ಲಿ ಬಿಳೀ ಬುತ್ತಿ, ಬಿಚ್ಚಿರಲಿಲ್ಲ. ಮೊಲದ ಕಿವಿಗಳು ಇನ್ನೂ ನೆಟ್ಟಗೇ ನಿಂತಿದ್ದವು. ಅತ್ತೆಯೂ ಬಗ್ಗಿ ಆ ಗಂಟನ್ನು ನೋಡಿದರು. ಮಾವ ಕಂಡದ್ದಕ್ಕಲ್ಲ, ಆ ಗಂಟು ಕಂಡದ್ದಕ್ಕೆ ಅವರ ಮುಖ ಬಾಡಿತು. ಅಷ್ಟು ವರ್ಷದ ಹೊಗೆ, ಅಷ್ಟು ವರ್ಷದ ನಿದ್ದೆ ಆ ಗಂಟಿನಲ್ಲಿತ್ತು. ಆ ಕ್ಷಣ ಮಾವನ ಮೇಲೆ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ.

ನಾನು ಎದ್ದೆ, ಹೋಗೋಣ ಎಂದು ಸನ್ನೆ ಮಾಡಿದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು.

"ಕುಂತ್ಕ," ಎಂದು ಪಿಸುಗುಟ್ಟಿದರು. "ಸಿಟ್ಟು ಆಮೇಲೂ ಬಿಸಿ ಮಾಡ್ಕಬೋದು. ದೋಸೆ ಆಗಲ್ಲ."

ಅಂಚು ಮುರಿದರು. ಸದ್ದು ಬಂತು. ಅವರು ನನ್ನ ಕಡೆ ನೋಡಿ ತಲೆಯಾಡಿಸಿದರು, ನೀನು ಹೇಳಿದ್ದು ನಿಜ ಎಂಬಂತೆ. ಅವಸರವಿಲ್ಲದೆ, ಒಂದು ಚೂರೂ ಬಿಡದೆ ತಿಂದರು. ಸಂಸಾರದ ಮೇಲೆ ಅಷ್ಟು ದೊಡ್ಡ ಕಲ್ಲು ಬಿದ್ದಾಗಲೂ ಚಟ್ನಿ ಸಾಲದೆಂದು ಸನ್ನೆ ಮಾಡಿ ಹಾಕಿಸಿಕೊಂಡ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ. ಆಮೇಲೆ ಕೈ ತೊಳೆದು, ಸೆರಗು ಸರಿ ಮಾಡಿಕೊಂಡು, ಹೋಗಿ ಪಕ್ಕದ ಗೂಡಿನ ಪರದೆ ಸರಿಸಿದರು.

ಮಾವನ ಬಾಯಲ್ಲಿ ದೋಸೆ ಇತ್ತು. ಅದನ್ನು ನುಂಗುವುದೋ ಬಿಡುವುದೋ ಅವರಿಗೆ ತಿಳಿಯಲಿಲ್ಲ. ಅತ್ತೆ ಎದುರಿಗೆ ಕೂತು ಬುತ್ತಿಯ ಗಂಟು ಬಿಚ್ಚಿದರು.

"ರೊಟ್ಟಿ ತಣ್ಣಗಾಗೈತೆ. ವಾರ ವಾರ ಇದನ್ನ ಏನ್ ಮಾಡ್ತಿದ್ರಿ?"

ಮಾವ ಬಾಯಲ್ಲಿದ್ದದ್ದನ್ನು ನುಂಗಿ, "ಬಸ್‌ ಸ್ಟ್ಯಾಂಡ್ ಹತ್ರ ಒಂದು ಹಸ ಐತೆ," ಎಂದರು. ಶಿವಮೊಗ್ಗದ ಕೆಲಸ ಯಾವಾಗಲೋ ತಿಂಗಳಿಗೊಮ್ಮೆಗೆ ಇಳಿದಿತ್ತಂತೆ. ಉಳಿದ ಗುರುವಾರ ಹೊನ್ನಾಳಿಯೇ. ಶಿವಮೊಗ್ಗದಲ್ಲೇ ತಿನ್ನಬಹುದಿತ್ತಲ್ಲ ಎಂದರೆ, ಅಲ್ಲಿ ಎಲ್ಲರೂ ಗುರುತಿನವರು ಎಂದರು. ಭೂಗೋಳ ಅವರಿಗೂ ಗೊತ್ತಿತ್ತು.

"ಆ ಹಸ ತೋರಿಸ್ರಿ," ಎಂದರು ಅತ್ತೆ. "ಇಷ್ಟು ವರ್ಷ ನನ್ನ ರೊಟ್ಟಿ ತಿಂದೋರು ಯಾರು ಅಂತ ನೋಡ್ಬೇಕು."

ಮೂವರೂ ಹೋದೆವು. ಹಸು ಮಿರಮಿರ ಮಿಂಚುತ್ತಿತ್ತು, ನಮ್ಮ ಮನೆಯಲ್ಲಿ ಅಷ್ಟು ಕಳೆಯಾಗಿ ಯಾರೂ ಇರಲಿಲ್ಲ. ಮಾವನನ್ನು ಕಂಡದ್ದೇ ಎದ್ದು ಬಂತು. ಅತ್ತೆ ತಮ್ಮ ಕೈಯಿಂದಲೇ ರೊಟ್ಟಿ ತಿನ್ನಿಸಿ ಅದರ ಕತ್ತು ಸವರಿದರು. "ನೀನಾದ್ರೂ ರುಚಿ ನೋಡಿದ್ಯಲ್ಲ ತಾಯಿ," ಎಂದರು. ಮಾವ ಪೇಟ ತೆಗೆದು ಬೆವರು ಒರೆಸಿಕೊಂಡರು. ನನಗೆ ಆಗ ಅವರ ಮೇಲೂ ಸ್ವಲ್ಪ ಕನಿಕರ ಬಂತು. ಊರಿಗೆಲ್ಲ ನೇಮಸ್ಥರಾಗಿ ಬದುಕುವ ಮನುಷ್ಯನಿಗೆ ಒಂದು ದೋಸೆಗೂ ಊರು ಬಿಡಬೇಕು.

ಆಮೇಲೆ ಹೊಳೆಗೆ ಹೋದೆವು. ಸ್ನಾನ ಯಾರಿಗೆ ಬೇಕಿತ್ತು? ಚೀಲದಿಂದ ಒಂದು ಸೀರೆ ತೆಗೆದು ನೀರಿಗೆ ಅದ್ದಿ ಹಿಂಡಿಕೊಂಡೆವು, ಮನೆಗೆ ಸಾಕ್ಷಿ ಬೇಕಲ್ಲ. ಮಾವ ತಾವಾಗಿಯೇ ಒಂದು ತುದಿ ಹಿಡಿದು ಹಿಂಡಿದರು. ಮದುವೆಯಾದ ಮೇಲೆ ಅವರು ಹೆಂಡತಿಯ ಸೀರೆ ಹಿಂಡಿದ್ದು ಅದೇ ಮೊದಲಿರಬೇಕು. ಬಸ್ಸಿಗೆ ಹೊತ್ತಿತ್ತು. ಅದೇ ಹೋಟೆಲಿಗೆ ಮರಳಿ, ಈ ಸಲ ಮೂವರೂ ಒಂದೇ ಗೂಡಿನಲ್ಲಿ ಕೂತು ಚಾ ಕುಡಿದೆವು. ಅತ್ತೆ ಸಾಸರಿಗೆ ಸುರುವಿಕೊಂಡು ಊದುತ್ತಾ ಹೇಳಿದ್ದು ಇಷ್ಟೇ.

"ಮುಂದಿನ ವಾರದಿಂದ ರೊಟ್ಟಿ ತಟ್ಟಲ್ಲ. ನಾನೂ ಬರ್ತೀನಿ."

ಮಾವ, "ಬಾ," ಎಂದರು. ಕಪ್ಪು ಕೆಳಗಿಟ್ಟು, "ಇಲ್ಲಿ ವಡೆನೂ ಚೆನ್ನಾಗೈತೆ," ಎಂದರು.

ಅಲ್ಲಿಂದ ಮುಂದೆ, ಎಂಬತ್ತರ ದಶಕದಲ್ಲೂ ಬಹಳ ವರ್ಷ, ಗುರುವಾರ ಬಂದರೆ ಗಂಡ ಹೆಂಡತಿ ಇಬ್ಬರೂ ಹೊಳೆಸ್ನಾನಕ್ಕೆ. ಬುತ್ತಿ ಇಲ್ಲದ್ದಕ್ಕೆ ಅಂದು ಉಪವಾಸ ಎಂದು ಹೇಳಿಕೊಂಡರು. ಚನ್ನಗಿರಿಯಲ್ಲಿ ಅವರ ಮರ್ಯಾದೆ ಇನ್ನೂ ಏರಿತು. ಈ ವಯಸ್ಸಿನಲ್ಲಿ ಎಂಥ ಭಕ್ತಿ, ಜೋಡಿ ಅಂದರೆ ಇದು ಎಂದು ಜನ ಮಾತಾಡಿಕೊಂಡರು. ಸಂಜೆ ಆ ಒದ್ದೆ ಸೀರೆಯನ್ನು ಹಿತ್ತಲಲ್ಲಿ ಹರವುವುದು ನನ್ನ ಪಾಲಿನ ಪುಣ್ಯ. ಒಂದು ದಿನ ಪಕ್ಕದ ಮನೆಯ ಹಾಲಮ್ಮನವರು ಗೋಡೆಯಾಚೆಯಿಂದ ಸೀರೆಗೆ ಕೈಮುಗಿದು, ಅತ್ತೆಯನ್ನು ಕೇಳಿದರು.

"ಗೌರಕ್ಕ, ವಾರ ವಾರ ಉಪವಾಸ ಮಾಡ್ತೀರಿ. ಆದ್ರೂ ಮೈ ತುಂಬ್ಕಂಡೀರಲ್ಲ, ಹೆಂಗೆ?"

ಹೊಳೆ ನೀರಿನ ಗುಣ ಎಂದು ನಾನು ಹೇಳಿ ಮುಗಿಸುವವಳಿದ್ದೆ. ಅತ್ತೆ ನನ್ನನ್ನು ತಡೆದರು. ಒಲೆಯ ಹೊಗೆಗೆ ಕೆಂಪಾಗಿದ್ದ ಹಾಲಮ್ಮನವರ ಕಣ್ಣುಗಳನ್ನು ನೋಡಿದರು. ಆಮೇಲೆ ಗೋಡೆಯ ಹತ್ತಿರ ಹೋಗಿ, ಆಚೀಚೆ ನೋಡಿ, ದನಿ ತಗ್ಗಿಸಿದರು.

"ಹಾಲಮ್ಮ, ನೀವು ಯಾವತ್ತಾದ್ರೂ ದೋಸೆ ಬಿಸಿಬಿಸಿ ತಿಂದೀರಾ?"

ಮುಂದಿನ ಗುರುವಾರ ಸಂಜೆ ಗೋಡೆಯ ಆ ಕಡೆಯೂ ಒಂದು ಒದ್ದೆ ಸೀರೆ ಒಣಗುತ್ತಿತ್ತು.