ಮಲಕಾರಿ ಮಿಸ್ತ್ರಿ ಮತ್ತು ಮೂರನೇ ಗೇರು

ಅಥಣಿಯ ಮಲಕಾರಿ ಮಿಸ್ತ್ರಿಗೆ ಒಂದು ಚಟವಿದೆ. ರಿಪೇರಿಗೆ ಬಂದ ಗಾಡಿಯನ್ನು ಆತ ಮೊದಲು ತಾನು ಓಡಿಸುವುದಿಲ್ಲ. ಮಾಲೀಕರನ್ನೇ ಸ್ಟೇರಿಂಗ್ ಮುಂದೆ ಕೂರಿಸಿ, ತಾನು ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತು, ಬರಿಗಾಲನ್ನು ಗಾಡಿಯ ತಳಕ್ಕೆ ಊರಿ ಕಣ್ಣು ಮುಚ್ಚುತ್ತಾನೆ. ನೋಡಿದವರು ನಿದ್ದೆ ಹೋದ ಎಂದುಕೊಳ್ಳಬೇಕು. ಇಪ್ಪತ್ತು ವರ್ಷ ಉಗಾರದ ಕಡೆ ಕಬ್ಬಿನ ಟ್ರ್ಯಾಕ್ಟರುಗಳನ್ನು ಬಿಚ್ಚಿ ಜೋಡಿಸಿದವನು, ನಲವತ್ತೈದು ದಾಟಿದ ಮೇಲೆ ಪುಣೆಗೆ ಹೋಗಿ, ಎಂಟು ತಿಂಗಳು ತನಗಿಂತ ಚಿಕ್ಕವರ ಕೈಕೆಳಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಲಸ ಕಲಿತು ಬಂದ. ಆ ವಯಸ್ಸಿಗೆ ನಮ್ಮ ಕಡೆಯ ಗಂಡಸರು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಬುದ್ಧಿ ಹೇಳುವುದನ್ನು ಕಲಿತಿರುತ್ತಾರೆ.

ಈ ಸಲ ಸ್ಟೇರಿಂಗ್ ಮುಂದೆ ಕೂತವಳು ಕೋಮಲ. ತೆಲಸಂಗದ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಚಿಕ್ಕಂದಿನಲ್ಲಿ ಪೋಲಿಯೋ ಬಡಿದು ಎಡಗಾಲು ಸೊರಗಿದೆ, ಕ್ಲಚ್ ತುಳಿಯಲು ಬರುವುದಿಲ್ಲ. ಎರಡು ವರ್ಷದ ಹಿಂದೆ ಕ್ಲಚ್ಚೇ ಇಲ್ಲದ ಈ ಹಳೆಯ ಬಿಳಿ ಕಾರು ಕೊಂಡ ದಿನದಿಂದ ಆಕೆ ಇನ್ನೊಬ್ಬರ ದಾರಿ ಕಾಯುವುದನ್ನು ಬಿಟ್ಟಿದ್ದಾಳೆ. ಕಳೆದ ತಿಂಗಳು ಅದರ ಗೇರ್‌ಬಾಕ್ಸ್ ಕೈಕೊಟ್ಟಾಗ, ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟವನು ಮಲಕಾರಿಯೇ.

ವಾರದಲ್ಲೇ ಗಾಡಿ ತಿರುಗಿ ಬಂತು. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಎಂಜಿನ್ ಸುಮ್ಮನೆ ಕಿರುಚುತ್ತದೆ, ಗಾಡಿ ಮುಂದಕ್ಕೆ ಎಳೆಯುವುದಿಲ್ಲ. ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಧಡ್ ಎಂದು ಗೇರು ಬೀಳುತ್ತದೆ. ಏರಿನಲ್ಲಿ ಹೀಗಾದಾಗ ಹಿಂದೆ ಬರುತ್ತಿದ್ದ ಕಬ್ಬಿನ ಟ್ರೇಲರ್ ಮೊಳ ದೂರದಲ್ಲಿ ನಿಂತಿತಂತೆ.

ದ್ರಾಕ್ಷಿ ವ್ಯಾಪಾರ ಮಾಡುವ ಆಕೆಯ ಅಣ್ಣ ಶೀತಲ್‌ಗೆ ಅಷ್ಟೇ ಸಾಕಾಯಿತು. ಮಲಕಾರಿಯನ್ನು ಗ್ಯಾರೇಜಿನ ಹಿಂದಕ್ಕೆ ಕರೆದೊಯ್ದ.

"ಮಿಸ್ತ್ರಿ, ಈ ಗಾಡಿ ಇನ್ನ ರಿಪೇರಿ ಆಗೂದಿಲ್ಲ ಅಂತ ಹೇಳಿಬಿಡ್ರಿ. ಸೋಮವಾರದಿಂದ ಆಕಿಗೆ ಡ್ರೈವರ್ ಇರೂ ಬಾಡಿಗಿ ಗಾಡಿ ಹಚ್ಚತೇನಿ. ನಮ್ಮ ತಂಗಿ ನನ್ನ ಮಾತ ಕೇಳೂದಿಲ್ಲ, ನಿಮ್ಮ ಮಾತ ಕೇಳತಾಳ."

"ಮೊದಲ ನೋಡತೇನ್ರಿ, ಆಮ್ಯಾಲ ಹೇಳತೇನಿ," ಎಂದ ಮಲಕಾರಿ. ಅಣ್ಣನ ಹೆದರಿಕೆ ಸುಳ್ಳಲ್ಲ ಎಂದು ಆತನಿಗೆ ಗೊತ್ತಿತ್ತು. ಅದೇ ಕಷ್ಟವಾದದ್ದು.

ಕಂಪ್ಯೂಟರ್ ಹಚ್ಚಿ ನೋಡಿದರೆ ಒಂದು ದೋಷವನ್ನೂ ತೋರಿಸಲಿಲ್ಲ. ಎಣ್ಣೆ ಬರೋಬ್ಬರಿ ಇತ್ತು. ನಿಪ್ಪಾಣಿಯಲ್ಲಿ ಪಾರ್ಟ್ಸ್ ಮಾರುವ ಕುನಾಲ ಗಾಡಿಯ ಮುಖವನ್ನೂ ನೋಡದೆ ಫೋನಿನಲ್ಲೇ, "ಸೊಲೆನಾಯ್ಡ್ ಹೋಗೇತ್ರಿ, ಹೊಸಾದು ಕಳಸಲಿ?" ಎಂದ. ಹೂಂ ಎಂದಿದ್ದರೆ ತಪ್ಪೆಲ್ಲ ಆ ಪಾರ್ಟಿನ ತಲೆಗೆ ಹೋಗುತ್ತಿತ್ತು. ಮಲಕಾರಿ ಫೋನ್ ಇಟ್ಟ.

ಎರಡು ದಿನ ಕೋಮಲಳನ್ನೇ ಓಡಿಸಲು ಹಚ್ಚಿ ತಾನು ಪಕ್ಕದಲ್ಲಿ ಕೂತ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಪ್ರತಿ ಸಲವೂ ಧಡ್. ಹತ್ತು ಕಿಲೋಮೀಟರ್ ಆದ ಮೇಲೆ ಅರ್ಧ ಕಡಿಮೆ. ಮಧ್ಯಾಹ್ನದ ಬಿಸಿಲಿಗೆ ಗಾಡಿ ಏನೂ ಆಗಿಲ್ಲದಂತೆ ಓಡುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಹಾಡು.

ಎರಡನೆಯ ಸಂಜೆ ಆತ ಚಹಾ ಮುಟ್ಟದೆ ಕೂತ. ಒಳಗಿನ ಪ್ಲೇಟುಗಳು ಸವೆದಿದ್ದರೆ ಗಾಡಿ ಕಾದಷ್ಟೂ ಹೆಚ್ಚು ಜಾರಬೇಕು. ಇದು ಕಾದಷ್ಟೂ ಸುಧಾರಿಸುತ್ತಿದೆ. ಅಂದರೆ ತಣ್ಣಗಿದ್ದಾಗ ಗಟ್ಟಿಯಾಗಿ, ಬಿಸಿಗೆ ಮೆತ್ತಗಾಗುವ ಏನೋ ಒಂದು ಎಣ್ಣೆಯ ದಾರಿಗೆ ಅಡ್ಡ ಕೂತಿದೆ. ಅಂಥದ್ದನ್ನು ಒಳಗೆ ಇಟ್ಟವರು ಯಾರು?

ಆಗ ಆತ ತನ್ನ ಕೈಗಳನ್ನೇ ನೋಡಿಕೊಂಡ. ಎಣ್ಣೆ ಹಂಚುವ ತಟ್ಟೆಯಲ್ಲಿ ಕಡಲೆಕಾಳಿನಷ್ಟು ಸಣ್ಣ ಉಕ್ಕಿನ ಗುಂಡುಗಳಿರುತ್ತವೆ. ತಟ್ಟೆಯನ್ನು ಮಗುಚಿ ಕೂರಿಸುವಾಗ ಉದುರಬಾರದೆಂದು ಅವನ್ನು ವ್ಯಾಸಲೀನಿನಲ್ಲಿ ಅಂಟಿಸಬೇಕು, ಅದು ಎಣ್ಣೆಯಲ್ಲಿ ಕರಗಿ ಹೋಗುತ್ತದೆ. ಪುಣೆಯಲ್ಲಿ ಮೊದಲ ದಿನವೇ ಹೇಳಿಕೊಟ್ಟ ಮಾತು. ಆದರೆ ಇಪ್ಪತ್ತು ವರ್ಷ ಟ್ರ್ಯಾಕ್ಟರಿನ ಬೇರಿಂಗಿಗೆ ಗ್ರೀಸ್ ತುಂಬಿದ ಕೈ ಅದು. ಮನಸ್ಸು ಬೇರೆಲ್ಲೋ ಇದ್ದಾಗ ಕೈ ತಾನೇ ಗ್ರೀಸ್ ಡಬ್ಬಿಗೆ ಹೋಗಿತ್ತು.

ಮರುದಿನ ಶೀತಲ್ ಮತ್ತು ಕೋಮಲ ಇಬ್ಬರನ್ನೂ ಕರೆಸಿ, ಅವರ ಮುಂದೆಯೇ ಗೇರ್‌ಬಾಕ್ಸಿನ ತಳ ಬಿಚ್ಚಿದ. ತಟ್ಟೆಯ ಸಂದಿಗಳಲ್ಲಿ ಹಳದಿ ಗ್ರೀಸ್ ಮೆತ್ತಿಕೊಂಡಿತ್ತು. ಗಾಡಿ ರಿಪೇರಿ ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅಣ್ಣನೂ ಖುಷಿ, ಮಿಸ್ತ್ರಿಯ ಹೆಸರೂ ಭದ್ರ. ಆತ ಆ ಗ್ರೀಸನ್ನು ಬೆರಳಲ್ಲಿ ಬಳಿದು ಕೋಮಲಳಿಗೆ ತೋರಿಸಿದ.

"ಗಾಡೀದು ಏನೂ ಚೂಕ ಇಲ್ರಿ ಅಕ್ಕೋರ. ಇದು ನನ್ನ ಕೈಲೆ ಆದದ್ದು. ನಿಮ್ಮ ಜೀವಕ್ಕ ಧೋಕಾ ತಂದಿದ್ದೆ."

ಶೀತಲ್‌ನ ಮುಖ ಕೆಂಪಾಯಿತು. "ನಾ ನಿಮಗ ಏನ್ ಹೇಳಿದ್ದೆ ಮಿಸ್ತ್ರಿ?"

"ನೀವು ಹೇಳಿದ್ದು ಗಾಡಿ ಬಗ್ಗೆ ಅಲ್ರೀ, ಅಕ್ಕೋರ ಬಗ್ಗೆ. ಅದನ್ನ ಹೇಳಾಕ ನಾ ಯಾರು?"

ಕೋಮಲ ಅಣ್ಣನನ್ನು ನೋಡಿದಳು. ಆಕೆಗೆ ಎಲ್ಲ ತಿಳಿಯಿತು, ಆದರೂ ಜಗಳ ತೆಗೆಯಲಿಲ್ಲ. "ಎಷ್ಟ್ ದಿನ ಬೇಕು?" ಎಂದಷ್ಟೇ ಮಲಕಾರಿಯನ್ನು ಕೇಳಿದಳು.

ತಾನು ಮಾಡಿದ ತಪ್ಪನ್ನು ಗಿರಾಕಿಯ ಮುಂದೆ ಬಿಚ್ಚಿ ತೋರಿಸುವ ಮಿಸ್ತ್ರಿಯನ್ನು ನಾನಂತೂ ಬೇರೆ ಕಂಡಿಲ್ಲ. ಇಂಥವರು ತಾಲೂಕಿಗೊಬ್ಬರಿದ್ದರೂ ನಾವು ಪುಣ್ಯವಂತರು.

ಪ್ರತಿ ಗುಂಡನ್ನೂ ತೊಳೆದು, ವ್ಯಾಸಲೀನಿನಲ್ಲಿ ಕೂರಿಸಿ, ಹೊಸ ಎಣ್ಣೆ ಹಾಕಿದ. ಸೋಮವಾರ ಬೆಳಿಗ್ಗೆ ತಣ್ಣನೆಯ ಗಾಡಿಯಲ್ಲಿ ಮೂವರೂ ತೆಲಸಂಗದ ದಾರಿ ಹಿಡಿದರು. ಶೀತಲ್ ಹಿಂದೆ ಕೂತು ಸೀಟನ್ನು ಬಿಗಿಯಾಗಿ ಹಿಡಿದಿದ್ದ. ಏರು ಬಂತು. ಕೋಮಲ ಆ ಧಡ್ ಸದ್ದಿಗೆ ಕಾದಳು.

"ಮೂರನೇದು ಇನ್ನೂ ಬೀಳಲಿಲ್ಲೇನ್ರಿ?"

ಮಲಕಾರಿ ಕಣ್ಣು ತೆರೆಯಲಿಲ್ಲ. "ಆಗಲೇ ಬಿದ್ದೈತ್ರಿ. ನಿಮಗ ಗೊತ್ತಾಗಲಿಲ್ಲ ಅಷ್ಟ."

ಶಾಲೆಯ ಗೇಟಿನಲ್ಲಿ ಆತ ಇಳಿದು ಚಪ್ಪಲಿ ಮೆಟ್ಟಿಕೊಂಡ. ಹಿಂದಿನ ಬಾಗಿಲು ತೆರೆದು ಶೀತಲ್‌ನ ಕೈ ಹಿಡಿದ.

"ಇಳೀರಿ ಮಾಲಕರ. ನಾವಿಬ್ಬರೂ ಬಸ್ಸಿಗೆ ಹೋಗೂನು. ಸಂಜೀಕ ಅಕ್ಕೋರು ಒಬ್ಬರ ಬರತಾರ."

ಶೀತಲ್ ಒಂದು ಗಳಿಗೆ ತಂಗಿಯ ಮುಖ ನೋಡಿದ. ಆಮೇಲೆ ಇಳಿದ.